ಕಿಣ್ವದ ಆಯ್ಕೆಯೂ ನಮ್ಮ ನಾಚಿಕೆಯೂ

ವಿಜಯಪುರದಿಂದ ಅಥಣಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ, ತಿಕೋಟಾ ಸಮೀಪಿಸುತ್ತಿದ್ದಂತೆ ಇಕ್ಕೆಲಗಳಲ್ಲಿ ದ್ರಾಕ್ಷಿಯ ಚಪ್ಪರಗಳೂ ಅವುಗಳ ನಡುನಡುವೆ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣತೊಡಗುತ್ತವೆ. ಹಿಂಗಾರಿಯ ಕಾಲವಾದರೆ ಅವುಗಳಾಚೆ ಬಿಳಿಜೋಳದ ಹೊಲಗಳು. ಆ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಯೊಬ್ಬನು, ಹೈಡ್ರೋಮೀಟರಿನ ಪಾಠ ನಡೆದಿದ್ದಾಗ ಎದ್ದು ನಿಂತು, "ಸರ್, ಬೀರ್ ಮಾಡೋರೂ ಇದನ್ನ ಬಳಸ್ತಾರಂತ್ರಿ. ನಮ್ಮ ಕಡೆ ಜ್ವಾಳ ಐತಿ, ದ್ರಾಕ್ಷಿ ಐತಿ. ಯೀಸ್ಟು, ಹಾಪ್ಸು ಮಾತ್ರ ಪರದೇಶದಿಂದ ಯಾಕ್ರಿ ತರಸಬೇಕು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನು, "ಇದು ಭೌತಶಾಸ್ತ್ರದ ಪ್ರಶ್ನೆಯಲ್ಲ, ಕೂಡು" ಎಂದೆ. ಅವನು ಕುಳಿತನು, ಆ ವರ್ಷ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ನಾನು ಕೊಟ್ಟ ಉತ್ತರ ಎರಡು ವಿಧದಲ್ಲಿ ತಪ್ಪಾಗಿತ್ತು. ಮೊದಲನೆಯದಾಗಿ, ಅದು ಭೌತಶಾಸ್ತ್ರದ ಪ್ರಶ್ನೆಯೇ ಆಗಿತ್ತು. ಎರಡನೆಯದಾಗಿ, ನನ್ನ ಬಾಯಿಂದ ಆ ಮಾತನ್ನು ಹೊರಡಿಸಿದ್ದು ಶಾಸ್ತ್ರವಲ್ಲ, ನಾಚಿಕೆ.

ಹಾಪ್ಸಿನ ವಿಷಯವನ್ನು ಮೊದಲು ಮುಗಿಸಬಹುದು. ಹಾಪ್ಸ್ ಒಂದು ಬಳ್ಳಿ. ಅದರ ಹೆಣ್ಣು ಹೂಗೊಂಚಲಿನಲ್ಲಿ ಹಳದಿಯಾದ ಒಂದು ಅಂಟುಪುಡಿ ಇರುತ್ತದೆ. ಧಾನ್ಯದ ರಸದೊಡನೆ ಸುಮಾರು ಒಂದು ಗಂಟೆ ಕುದಿಸಿದಾಗ ಆ ಪುಡಿಯಲ್ಲಿರುವ ಆಮ್ಲಗಳ ಅಣುರಚನೆ ಬದಲಾಗಿ ಕಹಿ ಹುಟ್ಟುತ್ತದೆ. ಆ ಕಹಿ ಅನೇಕ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ, ಯೀಸ್ಟನ್ನು ತಡೆಯುವುದಿಲ್ಲ. ಯುರೋಪಿನವರು ಹಾಪ್ಸನ್ನು ಬಿಡದೆ ಹಿಡಿದುಕೊಂಡಿರುವುದಕ್ಕೆ ರುಚಿಯಷ್ಟೇ ಇದೂ ಕಾರಣ. ಆದರೆ ಈ ಬಳ್ಳಿ ಹಗಲಿನ ಉದ್ದವನ್ನು ಅಳೆದು ಬದುಕುವ ಸಸ್ಯ. ಬೇಸಗೆಯಲ್ಲಿ ಹದಿನೈದು ಹದಿನಾರು ಗಂಟೆಗಳ ಹಗಲು ದೊರೆತರೆ ಮೇಲೆ ಮೇಲೆ ಹಬ್ಬಿ, ಹಗಲು ಕುಗ್ಗತೊಡಗಿದಾಗ ಹೂಬಿಡುತ್ತದೆ. ವಿಜಯಪುರವಿರುವುದು ಹೆಚ್ಚುಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಅಕ್ಷದ ವಾಲಿಕೆ 23.4 ಡಿಗ್ರಿ ಎಂಬುದನ್ನು ಇಟ್ಟುಕೊಂಡು ಯಾವ ವಿದ್ಯಾರ್ಥಿಯಾದರೂ ಲೆಕ್ಕ ಮಾಡಿ ನೋಡಬಹುದು: ನಮ್ಮ ಅತಿ ದೀರ್ಘವಾದ ಹಗಲು ಹದಿಮೂರು ಗಂಟೆಗಿಂತ ಕೆಲವೇ ನಿಮಿಷ ಹೆಚ್ಚು. ಇಲ್ಲಿ ಹಾಪ್ಸ್ ನೆಟ್ಟರೆ, ಬೆಳೆಯುವ ಮೊದಲೇ ಕಾಲ ಮುಗಿಯಿತೆಂದು ಭಾವಿಸಿ ಗಿಡ್ಡ ಬಳ್ಳಿಯಲ್ಲೇ ನಾಲ್ಕು ಹೂ ಬಿಟ್ಟು ನಿಲ್ಲುತ್ತದೆ. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆದದ್ದುಂಟು. ಬ್ರೆಜಿಲಿನಲ್ಲಿ ತೋಟಗಳಿಗೆ ವಿದ್ಯುದ್ದೀಪ ಹಾಕಿ ಹಗಲನ್ನು ಹಿಗ್ಗಿಸುವವರೂ ಇದ್ದಾರೆ. ಪಂಪುಸೆಟ್ಟಿಗೆ ರಾತ್ರಿಯೆಲ್ಲ ಕರೆಂಟು ಕಾಯುವ ನಮ್ಮ ರೈತನಿಗೆ ಆ ಸಲಹೆಯನ್ನು ಕೊಡುವ ಧೈರ್ಯ ನನಗಿಲ್ಲ. ಹಾಪ್ಸ್ ನಮ್ಮದಲ್ಲ; ಅದನ್ನು ಸೂರ್ಯನೇ ತೀರ್ಮಾನಿಸಿದ್ದಾನೆ.

ಜೋಳದ ಮಾತು ಬೇರೆ. ಆಫ್ರಿಕದ ಹಲವು ಭಾಗಗಳಲ್ಲಿ ಹಾಪ್ಸಿಲ್ಲದೆಯೇ ಜೋಳದ ಬೀರನ್ನು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಅಲ್ಲಿ ಹುಳಿಯೇ ಕಾವಲು. 1988ರಲ್ಲಿ ನೈಜೀರಿಯ ದೇಶವು ಜವೆಗೋಧಿಯ ಆಮದನ್ನು ನಿಷೇಧಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ತಿರುಗಿದವು. ಕೆಲಸ ಸುಲಭವಾಗಿರಲಿಲ್ಲ. ಜೋಳದ ಪಿಷ್ಟ ನೀರಿನಲ್ಲಿ ಉಬ್ಬಿ ಗಂಜಿಯಾಗಲು 70 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಮೊಳಕೆಯ ರಾಸಾಯನಿಕಗಳೋ ಆ ಶಾಖದಲ್ಲಿ ಬೇಗ ಸಾಯುತ್ತವೆ. ಮೇಲಾಗಿ ಜೋಳದ ಮೊಳಕೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಒಂದು ಪದಾರ್ಥವೂ ಇದೆ. ಎಳೆಯ ಜೋಳಕ್ಕೆ ದನ ಬಿಡಬಾರದೆಂಬುದನ್ನು ನಮ್ಮ ರೈತರು ಬಲ್ಲರು, ಕಾರಣ ಇದೇ.

ಇನ್ನು ಯೀಸ್ಟು. ನನ್ನ ವಾದವೆಲ್ಲ ಇರುವುದು ಇದರಲ್ಲಿ.

ಯೀಸ್ಟು ಒಂದೇ ಜೀವಕೋಶದ ಶಿಲೀಂಧ್ರ. ಹಣ್ಣಿನ ಮೇಲೆ ಕಾಣುವ ಬಿಳಿಯ ಹೊದಿಕೆಯೇ ಯೀಸ್ಟೆಂದು ಅನೇಕರು ನಂಬಿದ್ದಾರೆ. ಅದು ಬಹುಮಟ್ಟಿಗೆ ಮೇಣ. ವೈನನ್ನೂ ಬೀರನ್ನೂ ರೊಟ್ಟಿಯನ್ನೂ ಹುದುಗಿಸುವ ಜಾತಿಯ ಯೀಸ್ಟು ಗಟ್ಟಿಯಾದ ದ್ರಾಕ್ಷಿಯ ಮೇಲೆ ಅತ್ಯಂತ ವಿರಳ: 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಸಾವಿರ ಹಣ್ಣಿಗೆ ಒಂದರಲ್ಲಿ ಮಾತ್ರ ಅದು ಸಿಕ್ಕಿತು. ಒಡೆದ ಹಣ್ಣುಗಳಲ್ಲಾದರೆ ನಾಲ್ಕಕ್ಕೊಂದರಲ್ಲಿ. ಅದು ಎಲ್ಲಿಂದ ಬರುತ್ತದೆ? ಕಣಜಗಳು ಅದನ್ನು ತಮ್ಮ ಕರುಳಿನಲ್ಲಿ ಚಳಿಗಾಲ ಕಳೆಯುವವರೆಗೂ ಉಳಿಸಿಕೊಂಡು, ಮತ್ತೆ ಹಣ್ಣಿಗೆ ತಂದುಬಿಡುತ್ತವೆಂದು 2012ರಲ್ಲಿ ಇಟಲಿಯ ಸಂಶೋಧಕರು ತೋರಿಸಿದರು. ತಿಕೋಟಾದ ತೋಟದಲ್ಲಿ ಅಕಾಲಿಕ ಮಳೆಯಿಂದ ಹಣ್ಣು ಸೀಳಿ, ಮರುದಿನವೇ ಹುಳಿವಾಸನೆ ಎದ್ದು, ಕಣಜಗಳು ಮುತ್ತುವುದನ್ನು ಕಂಡ ರೈತನಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಅವನ ವರ್ಷದ ಗಳಿಕೆ ಹೋಗುವ ದಾರಿ.

ಹುದುಗನ್ನು ಕಾಡಿನ ಯೀಸ್ಟಿಗೇ ಬಿಟ್ಟುಕೊಟ್ಟರೆ ಒಂದು ವರ್ಷ ಮಧುರ, ಮತ್ತೊಂದು ವರ್ಷ ಹುಳಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ನನು 1883ರಲ್ಲಿ ಒಂದೇ ಒಂದು ಕೋಶದಿಂದ ಶುದ್ಧವಾದ ಯೀಸ್ಟಿನ ಸಂತತಿಯನ್ನು ಬೆಳೆಸಿ, ಬೀರು ಕೆಡುವುದಕ್ಕೆ ಬೇರೆ ಜಾತಿಯ ಯೀಸ್ಟುಗಳ ಬೆರಕೆಯೂ ಕಾರಣವೆಂದು ತೋರಿಸಿದನು. ಆ ಸಂಸ್ಥೆ ತನ್ನ ಶುದ್ಧ ಯೀಸ್ಟನ್ನು ಬಚ್ಚಿಡದೆ ಇತರರಿಗೂ ಹಂಚಿತು. ಅಂದಿನಿಂದ ಯೀಸ್ಟು ಅದೃಷ್ಟದ ವಸ್ತುವಾಗಿ ಉಳಿಯದೆ ಆಯ್ಕೆಯ ವಸ್ತುವಾಯಿತು. ತಂಪಿನಲ್ಲಿ, ಅಂದರೆ 7ರಿಂದ 13 ಡಿಗ್ರಿಯಲ್ಲಿ ದುಡಿಯುವುದು ಒಂದು. 20 ಡಿಗ್ರಿಯ ಆಚೀಚೆ ದುಡಿದು ಹಣ್ಣಿನ ಪರಿಮಳ ಕೊಡುವುದು ಇನ್ನೊಂದು.

ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿಗೆ ಇವೆರಡೂ ಒಗ್ಗವು. ಬಿಸಿಲುನಾಡಿನಲ್ಲಿ ತಂಪುಯಂತ್ರವಿಲ್ಲದೆ ಯೀಸ್ಟು ಕೆಲಸ ಮಾಡಲಾರದೆಂದು ನಾನೂ ತಿಳಿದಿದ್ದೆ. ಆದರೆ ನಾರ್ವೆಯ ಹಳ್ಳಿಗಳಲ್ಲಿ 'ಕ್ವೈಕ್' ಎಂಬ ಯೀಸ್ಟೊಂದಿದೆ. ಅಲ್ಲಿಯ ರೈತ ಮನೆತನಗಳು ಮರದ ಬಳೆಗಳ ಮೇಲೆ ಅದನ್ನು ಒಣಗಿಸಿಟ್ಟು, ನಾವು ಹೆಪ್ಪನ್ನು ಕಾಪಾಡಿದಂತೆ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದವು. ಅದು 35, 40 ಡಿಗ್ರಿಯಲ್ಲಿಯೂ ಲವಲವಿಕೆಯಿಂದ ಹುದುಗುತ್ತದೆ. ಹಿಮದ ನಾಡಿನಲ್ಲಿ ಸೆಕೆಯನ್ನು ಮೆಚ್ಚುವ ಯೀಸ್ಟು! ಆ ಜನ ರಸ ಪೂರ್ತಿ ಆರುವ ಮುನ್ನವೇ, ಮೈಶಾಖದಷ್ಟು ಬೆಚ್ಚಗಿರುವಾಗಲೇ, ಯೀಸ್ಟು ಬೆರೆಸುತ್ತ ಬಂದರು. ತಾಳಿದ್ದು ಉಳಿಯಿತು, ತಾಳದ್ದು ಅಳಿಯಿತು. ಆ ಗುಣವನ್ನು ಕೊಟ್ಟದ್ದು ಹವೆಯಲ್ಲ, ಮನುಷ್ಯನ ರೂಢಿ. ಹಾಗಾದರೆ ನಮ್ಮ ಹೊಲ, ಹಣ್ಣು, ಈಚಲು ಮರಗಳಲ್ಲಿರುವ ಯೀಸ್ಟುಗಳನ್ನು ನಾವೇ ಏಕೆ ಹುಡುಕಿ, ಶಾಖದಲ್ಲಿ ಪರೀಕ್ಷಿಸಿ, ಆರಿಸಬಾರದು? ಬೆಳೆಸಿದ ಸಂತತಿಗಳನ್ನು ಕಾದಿಡುವ ಭಂಡಾರ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲೇ ಇದೆ. ವಿಜಯಪುರಕ್ಕೆ ಅದೇನು ದೂರ?

ಇಲ್ಲಿ ಹಿರಿಯರು ಆಕ್ಷೇಪಿಸುವರು: ಹುಡುಗರಿಗೆ ಮದ್ಯದ ಪಾಠವೇ? ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಕುಡಿತದಿಂದ ಹಾಳಾದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಪರವಾನಗಿಯಿಲ್ಲದೆ ಮನೆಯಲ್ಲಿ ಬೀರು ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಅಪರಾಧವೂ ಹೌದು. ಅದನ್ನು ಯಾರೂ ಮಾಡತಕ್ಕದ್ದಲ್ಲ. ಆದರೆ ರಾಜ್ಯ ಸರ್ಕಾರವೇ 2007ರಲ್ಲಿ, ಸಾರಾಯಿಯನ್ನು ನಿಷೇಧಿಸಿದ ವರ್ಷದಲ್ಲಿಯೇ, ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ತಂದಿತು. ಬೆಳೆಯುವ ಕೈ ನಮ್ಮದು, ತಿಳಿದ ತಲೆ ಬೇರೆಯವರದು ಎಂಬ ಸ್ಥಿತಿ ನೀತಿಯೊಂದರಿಂದಲೇ ಬದಲಾಗುವುದಿಲ್ಲ. ಕುಡಿಯಬೇಡವೆಂದು ಹೇಳುವುದಕ್ಕೂ ತಿಳಿಯಬೇಡವೆಂದು ಹೇಳುವುದಕ್ಕೂ ಅಂತರವಿದೆ.

ತಿಳಿದವರಿಗೆ ಆ ತಿಳಿವು ಎಲ್ಲಿಗೆ ಕೊಂಡೊಯ್ದಿತೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬೆಂಗಳೂರಿನ ಕಿರಣ್ ಮಜುಂದಾರ್ ಅವರು 1970ರ ದಶಕದಲ್ಲಿ ಆಸ್ಟ್ರೇಲಿಯದ ಬ್ಯಾಲರಾಟ್‌ನಲ್ಲಿ ಬೀರು ತಯಾರಿಕೆಯ ವಿದ್ಯೆಯನ್ನು ಕಲಿತು ಬಂದರು. ಹೆಂಗಸೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ದೊರೆಯಲಿಲ್ಲ. 1978ರಲ್ಲಿ ಅವರು ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು; 2004ರಲ್ಲಿ ಅದೇ ಸಂಸ್ಥೆ ಒಂದು ಜಾತಿಯ ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಪೀಪಾಯಿಯಲ್ಲಿ ಯೀಸ್ಟನ್ನು ಸಾಕುವ ವಿದ್ಯೆ ಮಧುಮೇಹದ ರೋಗಿಯ ಸೂಜಿಯವರೆಗೆ ನಡೆದು ಬಂದ ಬಗೆ ಇದು. ಭೌತಶಾಸ್ತ್ರದವರಾದ ನಾವೂ ಋಣಿಗಳೇ. ಶಾಖವೂ ಶ್ರಮವೂ ಒಂದೇ ಶಕ್ತಿಯ ರೂಪಗಳೆಂದು ಅಳೆದು ತೋರಿಸಿದ ಜೂಲ್ ಬೀರು ತಯಾರಕರ ಮನೆತನದವನು. ಪಿಎಚ್ ಮಾನವನ್ನು 1909ರಲ್ಲಿ ಸೋರೆನ್ಸನ್ ರೂಪಿಸಿದ್ದು ಆ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿಯೇ.

ನಮ್ಮ ಪಠ್ಯದ ಭಾಷೆಯಲ್ಲಿ ಈ ಸಂಬಂಧ ಹುದುಗಿಕೊಂಡಿರುವುದು ಸ್ವಾರಸ್ಯಕರ. 'ಕಿಣ್ವ' ಎಂದರೆ ಇಂದು ಎನ್‌ಜೈಮ್. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಸುರೆಯನ್ನು ಹುದುಗಿಸುವ ಮೂಲದ್ರವ್ಯ. ಗ್ರೀಕ್ ಮೂಲದ ಎನ್‌ಜೈಮ್ ಎಂಬ ಶಬ್ದಕ್ಕೂ 'ಯೀಸ್ಟಿನೊಳಗಿನದು' ಎಂದೇ ಅರ್ಥ. ನಾಚಿಕೆಪಡುವ ಮೇಷ್ಟರು ದಿನವೂ ಆ ಶಬ್ದವನ್ನು ಹಲಗೆಯ ಮೇಲೆ ಬರೆಯುತ್ತಿರುತ್ತಾರೆ.

ಕಾಲೇಜಿನ ಪ್ರಯೋಗಾಲಯಕ್ಕೆ ನಾನು ಕೇಳುವುದು ಹೆಚ್ಚಿನದೇನಲ್ಲ. ಬೇಕರಿಯ ಒಣ ಯೀಸ್ಟು, ಸಕ್ಕರೆಯ ನೀರು, ನಾಲ್ಕು ಫ್ಲಾಸ್ಕು, ಒಂದು ಸೂಕ್ಷ್ಮ ತಕ್ಕಡಿ. ಫ್ಲಾಸ್ಕುಗಳನ್ನು 20, 30, 40, 50 ಡಿಗ್ರಿಯಲ್ಲಿಟ್ಟು, ಅನಿಲ ಹೊರಹೋಗಲು ಬಿಟ್ಟು, ಗಂಟೆಗೊಮ್ಮೆ ತೂಗಬೇಕು. 180 ಗ್ರಾಮ್ ಗ್ಲೂಕೋಸು ಪೂರ್ತಿ ಹುದುಗಿದರೆ 88 ಗ್ರಾಮ್ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 92 ಗ್ರಾಮ್ ಮದ್ಯಸಾರ ಉಳಿಯುತ್ತದೆಂಬುದು ಲೆಕ್ಕ. ಆದ್ದರಿಂದ ತೂಕ ಇಳಿದಷ್ಟೂ ಹುದುಗು ಮುಂದುವರಿದಿದೆ ಎಂದು ತಿಳಿಯಬಹುದು. ಹೈಡ್ರೋಮೀಟರು ಅದಕ್ಕೆ ಸಾಕ್ಷಿ ನುಡಿಯುತ್ತದೆ. ಮುಗಿದ ಮೇಲೆ ಎಲ್ಲವನ್ನೂ ಚರಂಡಿಗೆ ಚೆಲ್ಲಿಬಿಡಬೇಕು. ಮುಂದಿನ ವರ್ಷ, ಬೇಕರಿಯ ಯೀಸ್ಟಿನ ಪಕ್ಕದಲ್ಲಿ, ತಿಕೋಟಾದ ಒಡೆದ ದ್ರಾಕ್ಷಿಯಿಂದ ತೆಗೆದ ಯೀಸ್ಟಿನ ಐದನೆಯ ಫ್ಲಾಸ್ಕೊಂದನ್ನು 40 ಡಿಗ್ರಿಯಲ್ಲಿಡಬೇಕೆಂದಿದ್ದೇನೆ. ಆ ಹುಡುಗ ಈಗ ಅಂತಿಮ ವರ್ಷದಲ್ಲಿದ್ದಾನೆ. ಹಣ್ಣನ್ನು ತಂದುಕೊಡಲು ಅವನಿಗೆ ಹೇಳಿ ಕಳಿಸಿದ್ದೇನೆ.