ಕದಿರು ಎಲ್ಲರಿಗೂ ಬೇಕು, ಗದ್ದೆ ಯಾರಿಗೆ ಬೇಕು?

ಹುತ್ತರಿ ಬಂತೆಂದರೆ ಮಡಿಕೇರಿ ಪೇಟೆಗೆ ಜೀವ ಬರುತ್ತದೆ. ಬಾಳೆಗೊನೆ, ಗೆಣಸು, ತೆಂಗಿನಕಾಯಿ, ಎಳ್ಳು, ಬೆಲ್ಲ, ಪಟಾಕಿ. ಮೈಸೂರು, ಬೆಂಗಳೂರಿನ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲ. ಊರಿನ ಮಕ್ಕಳ ಜೊತೆ, 'ಬಾ ಮಾರಾಯ, ಒಂದಿನ ನಮ್ಮ ಹಬ್ಬ ನೋಡು' ಎಂದು ಗೆಳೆಯರು ಎಳೆದು ತಂದ ಹೊರಗಿನವರೂ ಅದರಲ್ಲಿರುತ್ತಾರೆ. ಇಂಥ ಅತಿಥಿ ಹಗಲೆಲ್ಲಾ ಪೇಟೆ ಸುತ್ತಿ, ರಾತ್ರಿ ಹೊಟ್ಟೆ ತುಂಬ ಉಂಡು, ಕೊನೆಗೊಂದು ಮಾತು ಕೇಳುತ್ತಾನೆ: 'ಎಲ್ಲಾ ಸರಿ, ನಿಮ್ಮ ಗದ್ದೆ ಎಲ್ಲಿ?' ಗೆಳೆಯ ತಡವರಿಸುತ್ತಾನೆ.

ಹೊಸ ಭತ್ತ ಮನೆ ತುಂಬುವ ಹಬ್ಬ ಇದು. ಕೊಡವರದ್ದು ಮಾತ್ರ ಎಂದು ಹೊರಗಿನವರ ಎಣಿಕೆ. ಅರೆಭಾಷೆ ಗೌಡರೂ, ಇನ್ನೂ ಹಲವು ಜನಾಂಗದವರೂ ಆಚರಿಸುತ್ತಾರೆ. ನವೆಂಬರ್ ಕೊನೆ ಇಲ್ಲವೇ ಡಿಸೆಂಬರಿನ ಹುಣ್ಣಿಮೆ ಹೊತ್ತು. ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಸನ್ನಿಧಿಯಲ್ಲಿ. ನೆರೆ ಕಟ್ಟುವುದು ಇಷ್ಟು ಗಂಟೆಗೆ, ಕದಿರು ತೆಗೆಯುವುದು ಇಷ್ಟಕ್ಕೆ, ಊಟ ಇಷ್ಟಕ್ಕೆ ಎಂದು ನಿಮಿಷದ ಲೆಕ್ಕ. ಬಸ್ಸು ತಡವಾದೀತು, ಇದು ಆಗದು. ರಾತ್ರಿ ದೀಪ ಹಿಡಿದು ಮನೆಮಂದಿ ಗದ್ದೆಗಿಳಿದು, ಕೋವಿ ಹಾರಿಸಿ, ಬೆಸ ಸಂಖ್ಯೆಯಲ್ಲಿ ತೆನೆ ಕೊಯ್ದು, 'ಪೊಲಿ' ಎಂದು ಕೂಗುತ್ತಾರೆ. ಹೆಚ್ಚಲಿ ಎಂದರ್ಥ. ಹೆಚ್ಚಬೇಕಾದ ಭತ್ತವೇ ಕಮ್ಮಿಯಾಗುತ್ತಿದೆ, ಅದೇ ಪೇಚು.

ಅಂದಹಾಗೆ, ಕೊಡವರ ಕೋವಿ ವಿನಾಯಿತಿಯ ವಿಚಾರ ಹೈಕೋರ್ಟ್ ಹತ್ತಿ, 2021ರಲ್ಲಿ ವಿನಾಯಿತಿ ಉಳಿಯಿತು. ಕೋವಿಗೆ ವಕೀಲರು ಸಿಕ್ಕರು, ಗದ್ದೆಗೆ ಸಿಕ್ಕಿಲ್ಲ.

ಸ್ವಂತ ಗದ್ದೆ ಇಲ್ಲದ ಪೇಟೆಯವರು ಒಟ್ಟಾಗಿ ಒಂದು ಗದ್ದೆಗೆ ಹೋಗಿ ಕದಿರು ತರುವುದು ರೂಢಿ. ಅದರಲ್ಲಿ ತಪ್ಪಿಲ್ಲ. ಸ್ವಂತ ಗದ್ದೆ ಪಾಳು ಬಿಟ್ಟು, ಹಬ್ಬದ ರಾತ್ರಿ ಪಕ್ಕದವನ ಬಳಿ ಹಿಡಿ ತೆನೆ ಕೇಳುವುದು ಬೇರೆ ಮಾತು. ಹಾಗಂತ ಅವನನ್ನು ಬೈದು ಫಲವೇನು? ವರ್ಷಕ್ಕೆ ಒಂದೇ ಬೆಳೆ. ನಾಟಿಗೆ ಆಳು ಸಿಗಲ್ಲ. ಬೆಟ್ಟಗಳ ಸಂದಿನ ಸಣ್ಣ ಗದ್ದೆಗೆ ಕೊಯ್ಲಿನ ಯಂತ್ರ ಇಳಿಯುವುದು ಕಷ್ಟ. ಆಸ್ತಿಗೆ ಪಾಲುದಾರರು ಹತ್ತು ಮಂದಿ, ಊರಲ್ಲಿರುವವನು ಒಬ್ಬ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಕೆಲವರ ಗದ್ದೆಯ ಮೇಲೆ ಮಣ್ಣೇ ಬಂದು ಕೂತಿತು. ಅತ್ತ ರೋಬಸ್ಟಾ ಕಾಫಿ 2024ರಲ್ಲಿ ಹಿಂದೆಂದೂ ಕಾಣದ ಬೆಲೆ ಕಂಡಿತು. ಭತ್ತಕ್ಕೆ ಆ ಭಾಗ್ಯ ಎಲ್ಲಿ? ಲೆಕ್ಕ ಬಲ್ಲವನು ಶುಂಠಿಗೋ ಅಡಿಕೆಗೋ ಗದ್ದೆ ಬಿಟ್ಟುಕೊಡುತ್ತಾನೆ.

ಭತ್ತ ಹೋದರೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ನಿಜ. ನೀರು ಸಿಗುವುದಿಲ್ಲ. ಮಳೆಗಾಲದಲ್ಲಿ ನಾಟಿಯಾದ ಗದ್ದೆ ಬದುವಿನೊಳಗೆ ತಿಂಗಳುಗಟ್ಟಲೆ ನೀರು ಹಿಡಿಯುತ್ತದೆ. ಅದು ಇಂಗಿ ಬಾವಿಗೆ, ತೋಡಿಗೆ, ಕೊನೆಗೆ ಕಾವೇರಿಗೆ. ಶುಂಠಿಗೆ ನೀರು ನಿಲ್ಲಬಾರದು. ಚರಂಡಿ ತೋಡಿ ಹೊರಗೆ ಓಡಿಸಬೇಕು. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಪೇಟೆಯವರಿಗೂ ಈ ಗದ್ದೆಗೂ ಸಂಬಂಧ ಇಲ್ಲ ಅನ್ನುವಂತಿಲ್ಲ.

ಪಕ್ಕದ ಕೇರಳ ಇದನ್ನು ಮೊದಲೇ ಕಂಡುಕೊಂಡಿತು. ಭತ್ತದ ಗದ್ದೆ ಉಳಿಸಲು 2008ರಲ್ಲಿ ಕಾಯಿದೆ ಮಾಡಿ, 2020ರಲ್ಲಿ ಗದ್ದೆಯ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಶುರು ಮಾಡಿತು. ಮೊತ್ತ ಪುಡಿಗಾಸು. ಆದರೂ ಗದ್ದೆ ಊರಿಗೆ ಉಪಕಾರ ಮಾಡುತ್ತದೆ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ನಮ್ಮಲ್ಲಿ ಹುತ್ತರಿಗೆ ಕೊಡಗು ಜಿಲ್ಲೆಗೆ ರಜೆ ಕೊಡುತ್ತಾರೆ. ರಜೆಯಿಂದ ಭತ್ತ ಬೆಳೆಯುತ್ತದೆಯೇ? ಗದ್ದೆ ಮಾಡುವವನಿಗೆ ಎಕರೆಗೆ ಇಷ್ಟು ಎಂದು ಕೊಡಲಿ, ಆನೆ ತುಳಿದ ಪರಿಹಾರ ಮುಂದಿನ ನಾಟಿಯೊಳಗೆ ಕೈ ಸೇರಲಿ. ಆಮೇಲೆ ಪಾಳು ಬಿಟ್ಟವನನ್ನು ಕೇಳುವ ಹಕ್ಕು ಬರುತ್ತದೆ.

ಈಗಂತೂ ಕೋಟೆಯಲ್ಲಿ ಕೋಲಾಟ ಮುಗಿಯುವ ಹೊತ್ತಿಗೆ ತೋಟದಲ್ಲಿ ಅರೇಬಿಕಾ ಹಣ್ಣಾಗಿರುತ್ತದೆ. ಆಳುಗಳನ್ನು ತುಂಬಿಕೊಂಡ ಜೀಪು ಬೆಳಿಗ್ಗೆಯೇ ಅತ್ತ ಹೊರಡುತ್ತದೆ. ಭತ್ತ ಕೊಯ್ಯಲು ಬನ್ನಿ ಅಂದರೆ, 'ಕಾಫಿ ಮುಗೀಲಿ ಸಾಹುಕಾರ್ರೆ, ಆಮೇಲೆ ನೋಡುವ' ಅನ್ನುತ್ತಾರೆ. ಅಷ್ಟರಲ್ಲಿ ಆನೆ ಬಂದು ಹೋಗಿರುತ್ತದೆ.