ಒಬ್ಬರ ಕಸ, ಇನ್ನೊಬ್ಬರ ರಸ

ಹಿಂದಿನ ಕಾಲದ ಒಕ್ಕಲಿಗನ ಮನೆಯಲ್ಲಿ ‘ಕಸ’ ಎಂಬ ಮಾತಿಗೆ ಹೆಚ್ಚಿನ ಅರ್ಥವಿರಲಿಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾಯಿಗೆ ಹೋಗುತ್ತಿತ್ತು; ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ಹುಲ್ಲು ಮತ್ತೆ ಹಸುವಿನ ಮುಂದಕ್ಕೆ. ಪಾತ್ರೆ ಬೆಳಗಲು ಒಲೆಯ ಬೂದಿಯೇ ಸಾಕಾಗುತ್ತಿತ್ತು. ಒಂದು ವಸ್ತುವಿನ ಕೊನೆಯೇ ಮತ್ತೊಂದರ ಮೊದಲಾಗಿ, ಬಾಳು ಚಕ್ರದಂತೆ ಸುತ್ತುತ್ತಿತ್ತು. ಇಂದು ಅರ್ಥಶಾಸ್ತ್ರಜ್ಞರು ‘ಚಕ್ರೀಯ ಅರ್ಥವ್ಯವಸ್ಥೆ’ ಎಂದು ಕರೆಯುವುದು ತತ್ತ್ವತಃ ಇದನ್ನೇ. ಭೂಮಿಯಿಂದ ತೆಗೆದು, ಬಳಸಿ, ಬಿಸಾಡುವ ರೂಢಿಯನ್ನು ತೊರೆದು, ಒಮ್ಮೆ ತೆಗೆದುದನ್ನು ಆದಷ್ಟು ಕಾಲ ಬಳಕೆಯಲ್ಲಿ ಉಳಿಸಿಕೊಳ್ಳುವುದೇ ಅದರ ಸಾರ.

ಆದರೆ ಒಂದು ಮನೆಯ ಅಂಗಳದಲ್ಲಿ ಪೂರ್ಣಗೊಳ್ಳುತ್ತಿದ್ದ ಈ ಚಕ್ರ ಇಂದಿನ ನಗರದೊಳಗೆ ಪೂರ್ಣಗೊಳ್ಳಲಾರದು. ನಗರಕ್ಕೆ ಅನ್ನವೂ ನೀರೂ ಹೊರಗಿನಿಂದ ಬರುತ್ತವೆ. ಅದರ ತ್ಯಾಜ್ಯವನ್ನು ಅರಗಿಸಿಕೊಳ್ಳಬಲ್ಲ ಹೊಲ ಅದರೊಳಗಿಲ್ಲ. ಒಂದು ಕಾರ್ಖಾನೆಗೆ ಬೇಡವಾದ ಉಗಿ ಬೇಲಿಯಾಚೆಯ ಕಾರ್ಖಾನೆಗೆ ಬೇಕಾಗಿರಬಹುದು. ಆದುದರಿಂದ ನೆರೆಹೊರೆಯ ಕಾರ್ಖಾನೆಗಳು, ಊರುಗಳು, ಜಿಲ್ಲೆಗಳು, ದೇಶಗಳು ಒಂದುಗೂಡದಿದ್ದರೆ ಕಸ ರಸವಾಗದು.

ಡೆನ್ಮಾರ್ಕ್ ದೇಶದ ಕಡಲ ತೀರದಲ್ಲಿರುವ ಕಲುಂಡ್‌ಬೋರ್ಗ್ ಎಂಬ ಸಣ್ಣ ಪಟ್ಟಣ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಅಂತರ್ಜಲದ ಕೊರತೆಯಿತ್ತು. 1961ರಲ್ಲಿ ಟಿಸ್ಸೊ ಸರೋವರದಿಂದ ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆಗೆ ಕೊಳವೆಯ ಮೂಲಕ ನೀರನ್ನು ತರಲಾಯಿತು. 1972ರಲ್ಲಿ ಆ ಕಾರ್ಖಾನೆಯು ತನಗೆ ಬೇಡವಾದ ಅನಿಲವನ್ನು, ಗೋಡೆಯ ಹಲಗೆಗಳನ್ನು ತಯಾರಿಸುವ ನೆರೆಯ ಕಾರ್ಖಾನೆಗೆ ಕೊಡತೊಡಗಿತು. ಮುಂದೆ ವಿದ್ಯುತ್ ಸ್ಥಾವರದ ಉಗಿ ಔಷಧ ಕಾರ್ಖಾನೆಗೂ, ಅದರ ಬಿಸಿ ಪಟ್ಟಣದ ಮನೆಗಳಿಗೂ, ಬೂದಿ ಸಿಮೆಂಟಿನ ತಯಾರಿಕೆಗೂ ಒದಗಿದವು. ಔಷಧ ತಯಾರಿಕೆಯಲ್ಲಿ ಉಳಿದ ರೊಚ್ಚು ರೈತರ ಹೊಲಕ್ಕೆ ಗೊಬ್ಬರವಾಯಿತು. ಸ್ಥಾವರದ ಹೊಗೆಯಿಂದ ಗಂಧಕವನ್ನು ಬೇರ್ಪಡಿಸುವಾಗ ದೊರೆತ ಜಿಪ್ಸಮ್ 1993ರಿಂದ ಗೋಡೆಯ ಹಲಗೆಯಾಗಿ ರೂಪುಗೊಂಡಿತು. ಇದನ್ನೆಲ್ಲ ಯಾವ ಸರಕಾರವೂ ಮೊದಲೇ ನಕ್ಷೆ ಬರೆದು ಯೋಜಿಸಿರಲಿಲ್ಲ. ನೆರೆಯವರು ಎದುರುಬದುರು ಕುಳಿತು, ಇಬ್ಬರಿಗೂ ಲಾಭವುಂಟೆಂದು ಮನಗಂಡು, ಒಂದೊಂದೇ ಒಪ್ಪಂದವನ್ನು ಮಾಡಿಕೊಂಡರು. ಅಲ್ಲಿ ಕೊಳವೆಗಳಲ್ಲಿ ನೀರು ಹರಿಯುವ ಮೊದಲು ಮನಸ್ಸುಗಳಲ್ಲಿ ವಿಶ್ವಾಸ ಹರಿದಿತ್ತು.

ಇಂತಹ ಸಹಕಾರದ ಒಂದು ದೊಡ್ಡ ಪ್ರಯೋಗ ಕರ್ನಾಟಕದಲ್ಲಿಯೂ ನಡೆದಿದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿಸಿದ ಕೆರೆಗಳೇ ಆ ಸೀಮೆಯ ಜೀವಾಳ. ಮಳೆ ಕೈಕೊಟ್ಟಾಗ ಕೆರೆಗಳು ಬತ್ತಿದವು. ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದವು. ಅತ್ತ ಬೆಂಗಳೂರು ನಗರವು ದೂರದ ಕಾವೇರಿಯಿಂದ ತಂದ ನೀರನ್ನು ಬಳಸಿ, ಕೊಳಚೆಯಾಗಿ ಹೊರಬಿಡುತ್ತಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಆ ನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರುಗಳಂತೆ ಕೋಲಾರದ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಸಿದ್ಧವಾಯಿತು. ಕುಡಿಯಲು ನೇರವಾಗಿ ಕೊಡದೆ, ಕೆರೆಗಳಲ್ಲಿ ಇಂಗಿಸಿ ಅಂತರ್ಜಲವನ್ನು ಹೆಚ್ಚಿಸುವುದು ಅದರ ಉದ್ದೇಶ. 2018ರ ಜೂನ್ ತಿಂಗಳಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಜನರ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಮರುತಿಂಗಳೇ ನೀರಿನ ಮೇಲೆ ನೊರೆ ಕಾಣಿಸಿಕೊಂಡಿತು. ವಿಷಯ ಉಚ್ಚ ನ್ಯಾಯಾಲಯವನ್ನು ಮುಟ್ಟಿ, ನೀರಿನ ಹರಿವಿಗೆ ತಡೆ ಬಿದ್ದಿತು. ತರುವಾಯ ಹರಿವು ಮುಂದುವರಿದು ಹಲವು ಕೆರೆಗಳು ತುಂಬಿದವು. ಸುತ್ತಲಿನ ಬಾವಿಗಳಲ್ಲಿ ನೀರು ಮೇಲೇರಿತು. ಎರಡು ಹಂತಗಳ ಸಂಸ್ಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬ ಬೇಡಿಕೆ ಮಾತ್ರ ನಿಲ್ಲಲಿಲ್ಲ.

ಈ ಬೇಡಿಕೆಯನ್ನು ಸಹಕಾರಕ್ಕೆ ಅಡ್ಡಿಯೆಂದು ಬಗೆಯುವವರುಂಟು. ಅದು ಸರಿಯಲ್ಲ. ಅದೇ ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಂಡೂರು ಗ್ರಾಮದ ಬಳಿ ಸುರಿಯಲಾಗುತ್ತಿತ್ತು. ಕಸ ಗುಡ್ಡವಾಗಿ ಬೆಳೆಯಿತು. ದುರ್ವಾಸನೆಯಿಂದ ಬೇಸತ್ತ ಗ್ರಾಮಸ್ಥರು ಹೋರಾಟಕ್ಕಿಳಿದ ಮೇಲೆ, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಮಂಡೂರಿಗೂ ನಗರದಿಂದ ಬಂದದ್ದು ತ್ಯಾಜ್ಯವೇ, ಲಕ್ಷ್ಮೀಸಾಗರಕ್ಕೂ ಬಂದದ್ದು ತ್ಯಾಜ್ಯಜಲವೇ. ಒಂದು ಹೊರೆಯಾಯಿತು, ಇನ್ನೊಂದು ಆಸೆಯಾಯಿತು. ಎರಡನ್ನೂ ಬೇರ್ಪಡಿಸುವ ಗೆರೆ ಬಹಳ ತೆಳುವಾದುದು. ಕೊಡುವವನು ಶುದ್ಧಗೊಳಿಸಿ ಕೊಟ್ಟರೆ ಅದು ಸಹಕಾರ. ತನ್ನ ಅಂಗಳ ಹಸನಾದರೆ ಸಾಕೆಂದು ನೆರೆಯವನ ಅಂಗಳಕ್ಕೆ ನೂಕಿದರೆ ಅದು ಅನ್ಯಾಯ. ನೀರನ್ನು ಪರೀಕ್ಷಿಸಿ ಎಂದು ಕೇಳುವ ರೈತನು ಚಕ್ರವನ್ನು ತಡೆಯುವವನಲ್ಲ. ಅದರ ಅಚ್ಚನ್ನು ಭದ್ರಪಡಿಸುವವನು.

ತನ್ನ ತ್ಯಾಜ್ಯವನ್ನು ಪ್ರತಿಯೊಂದು ಊರೂ ತಾನೇ ನಿರ್ವಹಿಸಿಕೊಳ್ಳಲಿ, ಇತರರ ಗೊಡವೆ ಏಕೆ ಎಂದು ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ತ್ಯಾಜ್ಯವನ್ನು ಕಡಿಮೆ ಮಾಡುವುದು, ಹಸಿಕಸ ಒಣಕಸಗಳನ್ನು ಬೇರ್ಪಡಿಸುವುದು ಆಯಾ ಮನೆಯ, ಆಯಾ ಊರಿನ ಹೊಣೆಯೇ ಸರಿ. ಬೆರೆತ ಕಸವನ್ನು ಯಾವ ನೆರೆಯವನೂ ರಸವಾಗಿಸಲಾರ. ಆದರೆ ಬೇರ್ಪಡಿಸಿದ ಮೇಲೆ ಗೊಬ್ಬರಕ್ಕೆ ಹೊಲ ಬೇಕು, ಕಾಗದಕ್ಕೆ ಕಾರ್ಖಾನೆ ಬೇಕು, ನೀರಿಗೆ ಕೆರೆ ಬೇಕು. ಇವೆಲ್ಲ ಒಂದೇ ಊರಿನ ಎಲ್ಲೆಯೊಳಗೆ ದೊರೆಯುವುದು ಅಪರೂಪ. ಈ ಅರಿವಿನಿಂದಲೇ ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ದೇಶಗಳು 2009ರಲ್ಲಿ ಒಂದು ಸಮಾನ ವೇದಿಕೆಯನ್ನು ರಚಿಸಿಕೊಂಡವು; 2025ರ ಮಾರ್ಚ್ ತಿಂಗಳಿನಲ್ಲಿ ಅದರ ಸಭೆ ಭಾರತದ ಜಯಪುರದಲ್ಲಿ ಸೇರಿತು. ಇಂತಹ ಸಭೆಗಳ ನಿರ್ಣಯಗಳು ಕಾಗದದಲ್ಲಿಯೇ ಉಳಿಯದೆ, ಊರು ಊರುಗಳ ನಡುವಿನ ಒಪ್ಪಂದಗಳಾಗಿ ಇಳಿದುಬಂದಾಗಲೇ ಅವು ಸಾರ್ಥಕ.

ಆ ಒಪ್ಪಂದಗಳಿಗೆ ಮೂರು ಆಧಾರಗಳು ಬೇಕು. ಕೊಡುವ ವಸ್ತುವಿನ ಗುಣವನ್ನು ಎಲ್ಲರೂ ಕಾಣುವಂತೆ ಪರೀಕ್ಷಿಸಬೇಕು. ಖರ್ಚನ್ನೂ ಲಾಭವನ್ನೂ ನ್ಯಾಯವಾಗಿ ಹಂಚಿಕೊಳ್ಳಬೇಕು. ಪಡೆಯುವವನಿಗೆ ‘ಬೇಡ’ ಎನ್ನುವ ಹಕ್ಕು ಇರಬೇಕು. ಹಳ್ಳಿಯ ಅಂಗಳದಲ್ಲಿ ಚಕ್ರವನ್ನು ತಿರುಗಿಸುತ್ತಿದ್ದುದು ಒಂದು ಕುಟುಂಬದ ಮಮತೆ. ವಿಶಾಲವಾದ ನಾಡಿನಲ್ಲಿ ಅದನ್ನು ತಿರುಗಿಸಬೇಕಾದುದು ನೆರೆಹೊರೆಯ ನ್ಯಾಯಬುದ್ಧಿ. ಅದೊಂದು ಇದ್ದರೆ ಬತ್ತಿದ ಕೆರೆಯೂ ತುಂಬೀತು. ಇಲ್ಲವಾದರೆ ತುಂಬಿದ ಕೆರೆಯೂ ನೊರೆಗಟ್ಟೀತು.