ಕನ್ನಡ ಟೈಪ್ ಮಾಡೋದು ಹೇಗೆ ಅಂತ ಕನ್ನಡದಲ್ಲೇ ಟೈಪ್ ಮಾಡಿ ಕೇಳಿ!

ನಮ್ಮೂರು ಹಲಸಿ. ಖಾನಾಪುರದಿಂದ ನಂದಗಡ ದಾಟಿ ಹೋದರೆ ಸಿಗುತ್ತೆ. ಅಲ್ಲಿ ನಮ್ಮ ಕಾಕಾ ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಝೆರಾಕ್ಸ್ ಅನ್ನೋದು ಬೋರ್ಡಿಗಷ್ಟೇ. ಅರ್ಜಿ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ಠರಾವು ಎಲ್ಲವೂ ಅಲ್ಲೇ ಟೈಪ್ ಆಗಬೇಕು, ಕನ್ನಡದಲ್ಲೂ ಮರಾಠಿಯಲ್ಲೂ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಂಗಡಿಯ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಏರಲ್ಲ. ದೀಪಾವಳಿಗೆ ಊರಿಗೆ ಹೋದವನು ದೊಡ್ಡ ಉಪಕಾರ ಮಾಡುವವನ ಹಾಗೆ ಲಿನಕ್ಸ್ ಹಾಕಿಕೊಟ್ಟೆ. "ಕಾಕಾ, ಇದಕ್ಕ ಒಂದು ರೂಪಾಯಿ ಕೊಡೂದ ಬ್ಯಾಡ" ಅಂತ ಹೇಳಿ, ಎರಡು ದಿನ ಇದ್ದು, ಬೆಂಗಳೂರಿನ ಬಸ್ಸು ಹತ್ತಿದೆ. ಕನ್ನಡ ಟೈಪಿಂಗ್ ಸೆಟ್ ಮಾಡೋದು ಮರೆತಿದ್ದೆ.

ಕಾಕಾ ನನಗೆ ಫೋನ್ ಮಾಡಲಿಲ್ಲ. ಹುಡುಗ ಕೆಲಸದಾಗ ಇರ್ತಾನ ಅಂತ ತಾವೇ ಹುಡುಕಿದರು. ಸಿಕ್ಕಿದ್ದು ಒಂದು ಕನ್ನಡ ಓಪನ್ ಸೋರ್ಸ್ ಪ್ರಾಜೆಕ್ಟಿನ ವೆಬ್‌ಸೈಟ್. ಹೆಸರು ಹೇಳಲ್ಲ, ಯಾಕೆಂದರೆ ಅದರಲ್ಲಿ ನಾನೂ ಇದ್ದೀನಿ. ಮುಖಪುಟದಲ್ಲಿ ನಮ್ಮ ಧ್ಯೇಯ, ನಮ್ಮ ಇತಿಹಾಸ, ಹಳೇ ಸಮಾವೇಶದ ಫೋಟೋ. "ಸಹಾಯ" ಅನ್ನೋದನ್ನು ಒತ್ತಿದರೆ ಹಳೇ ವಿಕಿ. ಅದರಲ್ಲಿ ಸ್ಕಿಮ್ ಅನ್ನೋ ತಂತ್ರಾಂಶ ಹಾಕಿ ಅಂತ ಬರೆದಿದೆ. ಲಿನಕ್ಸ್ ಲೋಕ ಸ್ಕಿಮ್ ಬಿಟ್ಟು ಐಬಸ್‌ಗೆ ಬಂದು ಹದಿನೈದು ವರ್ಷದ ಮೇಲಾಯ್ತು. ಗ್ರೂಪಿನ ಒಂದು ಲಿಂಕ್ ಸತ್ತಿತ್ತು. ಇನ್ನೊಂದು ಲಿಂಕ್ ತೆರೆಯಿತು. ಕಾಕಾ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರು: "ಕನ್ನಡ ಟೈಪಿಂಗ್ ಹೆಂಗ ಮಾಡೂದ್ರಿ? ಅರ್ಜೆಂಟ್ ಐತಿ."

ಬಂದ ಮೊದಲ ಉತ್ತರ: "ಗ್ರೂಪ್ ನಿಯಮ ಓದಿ. ಕನ್ನಡ ಲಿಪಿಯಲ್ಲೇ ಬರೆಯಿರಿ." ಎರಡನೆಯದು: "ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದೇವೆ, ಹಳೇ ಮೆಸೇಜ್ ಹುಡುಕಿ." ಮೂರನೆಯದು ನಗುವ ಇಮೋಜಿ.

ಅವತ್ತು ರಾತ್ರಿ ಫೋನ್ ಬಂತು. "ತಮ್ಮಾ, ನಿಮ್ಮ ಮಂದಿ ಭಾಳ ಶ್ಯಾಣ್ಯಾರ ಅದಾರ ಬಿಡು. ಕನ್ನಡ ಬರಿಯೂದು ಹೆಂಗ ಅಂದ್ರ, ಕನ್ನಡದಾಗ ಬರದ ಕೇಳು ಅಂತಾರ."

ನಾನು ಸಿಟ್ಟಿನಿಂದ ಗ್ರೂಪ್ ತೆರೆದು ನೋಡಿದೆ. ಆ ನಿಯಮ ಬರೆದವನು ನಾನೇ. ಮೂರು ವರ್ಷದ ಹಿಂದೆ, ಭಾಷಾಭಿಮಾನದ ಹುರುಪಿನಲ್ಲಿ, ಮೇಲೆ ಪಿನ್ ಕೂಡ ಮಾಡಿದ್ದೆ.

ಅದಕ್ಕೇ ಈ ಬರಹದ ಮೊದಲ ಆರೋಪಿ ನಾನು. ಆದರೆ ಉಳಿದವರನ್ನೂ ಬಿಡೋದಿಲ್ಲ.

ಕಾಕಾಗೆ ಬೇಕಾಗಿದ್ದ ಉತ್ತರ ಎಷ್ಟು ದೊಡ್ಡದು? ಉಬುಂಟು ಥರದ ಲಿನಕ್ಸ್‌ನಲ್ಲಿ ಐಬಸ್-ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ, ಇನ್‌ಪುಟ್ ಪಟ್ಟಿಗೆ ಕನ್ನಡ ಕೆಜಿಪಿ ಸೇರಿಸಿದರೆ ಆಯ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಅದು. ನುಡಿಯಲ್ಲಿ ಟೈಪ್ ಮಾಡಿ ಪಳಗಿದ ಕಾಕಾನ ಬೆರಳಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಮೂರು ಹೆಜ್ಜೆ. ನಮ್ಮ ಗ್ರೂಪಿನಲ್ಲಿ ಈ ಉತ್ತರವನ್ನು ಹತ್ತಾರು ಸಲ ಕೊಟ್ಟಿದ್ದೇವೆ. ವೆಬ್‌ಸೈಟಿನಲ್ಲಿ ಒಂದು ಸಲವೂ ಬರೆದಿಲ್ಲ.

ನಮ್ಮ ರೋಗ ಇದು. ಕೋಡ್ ಬರೆಯುವವರು ಇದ್ದಾರೆ, ಫಾಂಟ್ ಮಾಡುವವರು ಇದ್ದಾರೆ. ಗುಬ್ಬಿ, ನವಿಲು ಥರದ ಮುಕ್ತ ಫಾಂಟುಗಳು ಡೆಬಿಯನ್‌ನಲ್ಲೇ ಸಿಗುತ್ತವೆ. ಉತ್ತರ ಗೊತ್ತಿರುವವರಿಗೂ ಬರವಿಲ್ಲ. ಆದರೆ ಆ ಉತ್ತರ ಎಲ್ಲೋ ಒಂದು ಚಾಟಿನಲ್ಲಿ, ಯಾರದೋ ಫೋನಿನಲ್ಲಿ, ಗೂಗಲ್ಲಿಗೂ ಕಾಣದ ಹಾಗೆ ಹೂತು ಹೋಗಿರುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಕೊಟ್ಟ ಉತ್ತರ ಆ ಕ್ಷಣಕ್ಕೆ ಅಲ್ಲಿದ್ದವರಿಗೆ ಮಾತ್ರ. ನಾಳೆ ಸೇರಿದವನಿಗೆ ಅದು ಹುಟ್ಟೇ ಇಲ್ಲ.

ಹೊಸ ವೇದಿಕೆ ಬಂದಾಗಲೆಲ್ಲ ನಾವು ಹೊಸದನ್ನು ತೆರೆಯುತ್ತೇವೆ, ಹಳೆಯದನ್ನು ಮುಚ್ಚುವುದಿಲ್ಲ. ಆಮೇಲೆ ಅದನ್ನು ನಮ್ಮ ಪರವಾಗಿ ಬೇರೆಯವರು ಮುಚ್ಚುತ್ತಾರೆ. ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಪೂರ್ತಿ ನಿಂತಿತು. ಓಪನ್ ಸೋರ್ಸ್ ಲೋಕದ ದೊಡ್ಡ ಹರಟೆಕಟ್ಟೆಯಾಗಿದ್ದ ಫ್ರೀನೋಡ್‌ನಲ್ಲಿ 2021ರ ಮೇ ತಿಂಗಳಲ್ಲಿ ಯಜಮಾನಿಕೆಯ ಜಗಳ ಎದ್ದು, ಸಿಬ್ಬಂದಿ ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಪ್ರತಿ ಸಲ ಉಳಿದುಕೊಂಡಿದ್ದು ತಮ್ಮ ತಿಳಿವಳಿಕೆಯನ್ನು ತಮ್ಮದೇ ವಿಳಾಸದಲ್ಲಿ ಬರೆದಿಟ್ಟುಕೊಂಡ ಪ್ರಾಜೆಕ್ಟುಗಳು. ಇಷ್ಟಾದ ಮೇಲೂ ನಾವು ಬಾಡಿಗೆ ಮನೆಯ ಗೋಡೆ ಮೇಲೆಯೇ ದಾಖಲೆ ಬರೆಯುತ್ತಿದ್ದೇವೆ.

ಹಲಸಿಯವನಾಗಿ ಒಂದು ಮಾತು ಹೇಳಲೇಬೇಕು. ನಮ್ಮೂರು ಕದಂಬರ ಕಾಲದ ಪಲಾಶಿಕಾ. ಅಲ್ಲಿ ಸಿಕ್ಕ ಕಾಕುಸ್ಥವರ್ಮನ ತಾಮ್ರಪಟ 5ನೇ ಶತಮಾನದ್ದು. ಅದರಲ್ಲಿ ಕೊಟ್ಟವನು ಯಾರು ಅಂತ ಇದೆ. ಪಡೆದವನು ಸೇನಾಪತಿ ಶ್ರುತಕೀರ್ತಿ, ಕೊಟ್ಟಿದ್ದು ಯಾವ ಊರಿನ ಯಾವ ಹೊಲ, ಯಾವ ವರ್ಷ ಅಂತಲೂ ಇದೆ. ಕೆಡಿಸಿದವನಿಗೆ ಪಾಪ ಅಂತ ಕೊನೆಗೆ ಎಚ್ಚರಿಕೆಯೂ ಇದೆ. ನಮ್ಮ ಸಹಾಯ ಪುಟದಲ್ಲಿ ಬರೆದವರ ಹೆಸರಿಲ್ಲ, ತಾರೀಖಿಲ್ಲ, ಯಾವ ಆವೃತ್ತಿಗೆ ಅನ್ವಯ ಅಂತಿಲ್ಲ. ಕದಂಬರ ಗುಮಾಸ್ತ ನಮಗಿಂತ ಚೆನ್ನಾಗಿ ಡಾಕ್ಯುಮೆಂಟೇಶನ್ ಮಾಡಿದ್ದಾನೆ.

ಇದನ್ನೆಲ್ಲ ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ, ಯಾಕೆಂದರೆ ನಾನೂ ಕೊಟ್ಟಿದ್ದೀನಿ.

ಒಂದು, "ನಾವು ಸ್ವಯಂಸೇವಕರು, ಪುರುಸೊತ್ತಿಲ್ಲ." ಒಂದೇ ಪ್ರಶ್ನೆಗೆ ಹತ್ತಾರು ಸಲ ಉತ್ತರಿಸಲು ಪುರುಸೊತ್ತು ಇದ್ದವರಿಗೆ ಒಂದು ಸಲ ಪುಟ ಬರೆಯಲು ಯಾಕಿಲ್ಲ? ನಿಜ ಹೇಳಬೇಕೆಂದರೆ ಗ್ರೂಪಿನಲ್ಲಿ ಉತ್ತರ ಕೊಟ್ಟರೆ "ಥ್ಯಾಂಕ್ಸ್ ಸರ್" ಸಿಗುತ್ತೆ. ಪುಟ ಬರೆದವನಿಗೆ ಯಾರೂ ಥ್ಯಾಂಕ್ಸ್ ಹೇಳಲ್ಲ.

ಎರಡು, "ಬೇಕಿದ್ದವರು ವಿಕಿಯನ್ನು ತಿದ್ದಬಹುದಲ್ಲ?" ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರ ಜವಾಬ್ದಾರಿಯೂ ಅಲ್ಲ ಅಂತಲೇ ನಡೆದುಬಂದಿದೆ. ಟೈಪಿಂಗ್ ಗೊತ್ತಿಲ್ಲದೆ ಬಂದವರು ಪುಟ ತಿದ್ದಬೇಕು ಅನ್ನೋದು ಹಸಿದು ಬಂದವನಿಗೆ ಒಲೆ ಹಚ್ಚು ಅಂದ ಹಾಗೆ.

ಮೂರು, "ಕನ್ನಡದ ಗ್ರೂಪಿನಲ್ಲಿ ಕನ್ನಡ ಲಿಪಿ ಕೇಳೋದು ತಪ್ಪಾ?" ಇದು ನನ್ನದೇ ವಾದವಾಗಿತ್ತು. ಉತ್ತರ ಕೊಡುವವರು ಕನ್ನಡ ಲಿಪಿಯಲ್ಲೇ ಬರೆಯಲಿ, ಅದು ನಮ್ಮ ಕೆಲಸ. ಕೇಳುವವರು ಹೇಗಾದರೂ ಕೇಳಲಿ. ಖಾನಾಪುರ ತಾಲೂಕಿನಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ ಎರಡೂ ಬರುತ್ತವೆ. ಅಂಥ ಗಡಿಯಲ್ಲಿ ಕೂತು, ಮರಾಠಿ ಟೈಪಿಂಗ್ ಸಲೀಸಾಗಿ ಬರುತ್ತಿದ್ದರೂ ಕನ್ನಡ ಟೈಪಿಂಗ್ ಬೇಕು ಅಂತ ಹುಡುಕಿಕೊಂಡು ಬಂದ ಮನುಷ್ಯನನ್ನು ಲಿಪಿಯ ನೆಪ ಹೇಳಿ ವಾಪಸ್ ಕಳಿಸಿದ್ದೇವೆ. ಆಮೇಲೆ ಗಡಿಯಲ್ಲಿ ಕನ್ನಡ ಉಳಿಯಲಿ ಅಂತ ನವೆಂಬರಿನಲ್ಲಿ ಪೋಸ್ಟ್ ಹಾಕುತ್ತೇವೆ.

ಹಾಗಾದರೆ ಏನು ಮಾಡಬೇಕು? ಗ್ರೂಪಿನಲ್ಲಿ ಇಟ್ಟ ಪ್ರಸ್ತಾವವನ್ನೇ ಇಲ್ಲಿಯೂ ಇಡ್ತೀನಿ.

ಮುಖಪುಟದಿಂದ ಧ್ಯೇಯ, ಇತಿಹಾಸ ಕೆಳಗಿಳಿಯಲಿ. ಮೇಲೆ ಮೂರೇ ಬಾಗಿಲು ಇರಲಿ: ಬಳಸಬೇಕು, ತೊಂದರೆ ಆಗಿದೆ, ಕೈಜೋಡಿಸಬೇಕು. ಬರುವವರು ಈ ಮೂರರಲ್ಲಿ ಒಂದಕ್ಕೇ ಬರೋದು.

ದಾಖಲೆಗಳನ್ನು ಬೇರೆ ಬೇರೆ ಮಾಡೋಣ. ಡಾನಿಯೆಲೆ ಪ್ರೊಚಿಡಾ ಅವರ ಡಯಾಟಾಕ್ಸಿಸ್ ಪದ್ಧತಿಯಲ್ಲಿ ನಾಲ್ಕು ಬಗೆ ಇವೆ: ಕಲಿಸುವ ಪಾಠ, ಕೆಲಸ ಮಾಡಿಸುವ ಕೈಪಿಡಿ, ನೋಡಿಕೊಳ್ಳುವ ವಿವರಪಟ್ಟಿ, ಅರ್ಥ ಮಾಡಿಸುವ ವಿವರಣೆ. ಕಾಕಾಗೆ ಬೇಕಾಗಿದ್ದು ಕೈಪಿಡಿ. ನಾವು ಯುನಿಕೋಡ್ ಯಾಕೆ ಬೇಕು ಅಂತ ವಿವರಣೆ ಕೊಡುತ್ತಿದ್ದೆವು.

ಪ್ರಶ್ನೆ ಕೇಳುವ ಜಾಗ ಒಂದೇ ಇರಲಿ, ಲಾಗಿನ್ ಇಲ್ಲದೆ ಓದುವ ಹಾಗೆ, ಗೂಗಲ್ಲಿಗೆ ಸಿಗುವ ಹಾಗೆ. ಚಾಟ್ ಗ್ರೂಪ್ ಹರಟೆಗೆ ಇರಲಿ. ಅದೇ ಪ್ರಶ್ನೆ ಎರಡನೇ ಸಲ ಬಂದರೆ ಉತ್ತರ ಪುಟವಾಗಲಿ, ಗ್ರೂಪಿನಲ್ಲಿ ಅದರ ಲಿಂಕ್ ಮಾತ್ರ ಕೊಡೋಣ.

ಹಳೇ ಪುಟಗಳನ್ನು ಅಳಿಸೋದು ಬೇಡ. "ಇದು ಹಳೆಯದು, ಹೊಸದು ಇಲ್ಲಿದೆ" ಅಂತ ತಲೆಯ ಮೇಲೆ ಬರೆದು ದಾರಿ ತೋರಿಸೋಣ. ಪ್ರತಿ ಪುಟಕ್ಕೂ ಒಬ್ಬರ ಹೆಸರು, ಕೊನೆಯದಾಗಿ ಪರೀಕ್ಷಿಸಿದ ತಾರೀಖು ಇರಲಿ. ಜೊತೆಗೆ ಒಂದೇ ಹಾಳೆಯಲ್ಲಿ ಪ್ರಿಂಟ್ ಆಗುವ ಪ್ರತಿ ಬೇಕು. ಹಲಸಿಯ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕೂರೋಕಾಗಲ್ಲ.

ಈ ಪ್ರಸ್ತಾವಕ್ಕೆ ಗ್ರೂಪಿನಲ್ಲಿ ಚರ್ಚೆಯೇನೋ ಆಯ್ತು. ಹೊಸ ಸೈಟಿಗೆ ಯಾವ ಬಣ್ಣ, ಲೋಗೋ ಬದಲಿಸಬೇಕಾ ಅನ್ನೋದರ ಮೇಲೆ. ಯಾವ ಪುಟಕ್ಕೆ ಯಾರು ಹೆಸರು ಕೊಡ್ತೀರಿ ಅಂದಾಗ ಗ್ರೂಪ್ ತಣ್ಣಗಾಯ್ತು. ಇಬ್ಬರು ಮುಂದೆ ಬಂದರು, ನನ್ನನ್ನೂ ಸೇರಿಸಿ.

ನಿಯಮವನ್ನು ನಾನು ತೆಗೆದಿದ್ದೀನಿ. ಮೂರು ಹೆಜ್ಜೆಯ ಹಾಳೆಯನ್ನು ಬರೆದು ಕಾಕಾಗೆ ಕಳಿಸಿದೆ, ಅವರು ಪ್ರಿಂಟ್ ತೆಗೆದು ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮರುದಿನ ಮತ್ತೆ ಫೋನ್: "ಟೈಪಿಂಗ್ ಬಂತಪಾ. ಆದ್ರ ನನ್ನ ಹಳೀ ಫೈಲ್ ತಗದ್ರ ಬರೇ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಕಾಣಸ್ತಾವು. ಅದಕ್ಕೇನ್ ಮಾಡೂದು?"

ಹಳೇ ನುಡಿ ಫಾಂಟಿನ ಫೈಲನ್ನು ಯುನಿಕೋಡಿಗೆ ಬದಲಿಸೋದು. ಇದಕ್ಕೂ ಉತ್ತರ ಇದೆ, ಇದನ್ನೂ ಗ್ರೂಪಿನಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಪುಟ ಇಲ್ಲ. ಈ ಭಾನುವಾರ ಬರೀತೀನಿ.

ನೀವೂ ಯಾವುದಾದರೂ ಪ್ರಾಜೆಕ್ಟಿಗೆ ಕೋಡ್ ಕೊಡುತ್ತಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೂರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ಅಲ್ಲಿಯ ಕಂಪ್ಯೂಟರಿನಲ್ಲಿ, ನಿಮ್ಮ ಪ್ರಾಜೆಕ್ಟಿನ ಮುಖಪುಟ ತೆರೆಯಿರಿ. ಅಂಗಡಿಯವರ ಕೈಗೆ ಮೌಸ್ ಕೊಡಿ. ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡಿ.